ಫೈಲ್ ಪಾತ್‌ಗೆ ಸ್ಟ್ರಿಂಗ್ ಸಾಕೇ, ಪ್ರತ್ಯೇಕ ಟೈಪ್ ಬೇಕೇ? ಪುಟ್ಟ ಭಾಷೆಯೊಂದರ ವಿನ್ಯಾಸಕ್ಕೆ ಸಲಹೆ ಬೇಕು

ಪ್ರಶ್ನೆ: ಬಸವನಗುಡಿ_ಬೈಟ್

ನಮಸ್ಕಾರ. ನಾವು ನಾಲ್ವರು ಗೆಳೆಯರು ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಕಾಫಿಗೆ ಸೇರುವ ನೆಪದಲ್ಲಿ ಒಂದು ಪುಟ್ಟ ಸ್ಕ್ರಿಪ್ಟಿಂಗ್ ಭಾಷೆಯನ್ನು ಕಟ್ಟುತ್ತಿದ್ದೇವೆ. ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಹೆಸರಿಟ್ಟು, ಜೋಡಿಸಿಡುವ ಕೆಲಸಕ್ಕೆ ಅದು ಒದಗಬೇಕೆಂಬುದು ನಮ್ಮ ಆಸೆ. ಹೀಗಾಗಿ ಅದರಲ್ಲಿ ಬರೆಯುವ ಯಾವ ಪ್ರೋಗ್ರಾಂ ಆದರೂ ಮೊದಲ ಸಾಲಿನಿಂದಲೇ ಫೈಲು, ಫೋಲ್ಡರುಗಳ ಹೆಸರಿನೊಂದಿಗೆ ಹೆಣಗಬೇಕಾಗುತ್ತದೆ. ಪಾರ್ಸರ್ ಮುಗಿದಿದೆ, ಇಂಟರ್‌ಪ್ರಿಟರ್ ಕುಂಟುತ್ತಲಾದರೂ ನಡೆಯುತ್ತಿದೆ. ಪಾತ್‌ಗಳನ್ನು, ಅಂದರೆ ಫೈಲು ಎಲ್ಲಿದೆ ಎಂದು ಹೇಳುವ ವಿಳಾಸಗಳನ್ನು, ಹೇಗೆ ನಿರೂಪಿಸಬೇಕೆಂಬ ಒಂದು ವಿಷಯದಲ್ಲಿ ಮಾತ್ರ ಮೂರು ವಾರಗಳಿಂದ ನಮ್ಮಲ್ಲಿ ಒಮ್ಮತವಿಲ್ಲ.

ಜಗಳ ಶುರುವಾದದ್ದು ಒಂದು ಅವಘಡದಿಂದ. ನಮ್ಮ ಭಾಷೆ ಇನ್ನೂ ಸಿದ್ಧವಾಗಿಲ್ಲದ ಕಾರಣ ಸದ್ಯದ ಕೆಲಸವನ್ನು ಪೈಥಾನ್‌ನಲ್ಲಿ ಮಾಡುತ್ತಿದ್ದೇವೆ. ಒಬ್ಬೊಬ್ಬ ಲೇಖಕರ ಪುಟಗಳೂ ಅವರವರ ಹೆಸರಿನ ಫೋಲ್ಡರಿನಲ್ಲಿರುತ್ತವೆ, ಸ್ಕ್ರಿಪ್ಟು ಪ್ರತಿ ಫೋಲ್ಡರಿಗೂ ಅದೇ ಹೆಸರಿನ ಒಂದು ಪಿಡಿಎಫ್ ತಯಾರಿಸುತ್ತದೆ. ಹೆಸರಿನ ಕೊನೆಗೆ ಪಿಡಿಎಫ್ ಎಂದು ಹಚ್ಚುವುದಕ್ಕೆ ನಾನು ಪೈಥಾನ್‌ನ ಪಾತ್ ಲೈಬ್ರರಿಯಾದ ಪಾತ್‌ಲಿಬ್‌ನ ‘ವಿತ್_ಸಫಿಕ್ಸ್’ ಬಳಸಿದ್ದೆ. ಮಾರನೆಯ ದಿನ ಎಣಿಸಿದರೆ ಒಂದು ಪಿಡಿಎಫ್ ಕಡಿಮೆ ಇತ್ತು. ‘ಕೆ.ಎಸ್.ನರಸಿಂಹಸ್ವಾಮಿ’ ಮತ್ತು ‘ಕೆ.ಎಸ್.ನಿಸಾರ್ ಅಹಮದ್’ ಎಂಬ ಎರಡು ಫೋಲ್ಡರುಗಳಲ್ಲಿ ಕೊನೆಯ ಚುಕ್ಕೆಯ ನಂತರದ ಭಾಗವನ್ನೆಲ್ಲ ಲೈಬ್ರರಿಯು ಎಕ್ಸ್‌ಟೆನ್ಷನ್ ಎಂದು ತಿಳಿದು ಕಿತ್ತುಹಾಕಿತ್ತು. ಎರಡಕ್ಕೂ ‘ಕೆ.ಎಸ್.ಪಿಡಿಎಫ್’ ಎಂಬ ಒಂದೇ ಹೆಸರು ಬಂದು, ನಿಸಾರರು ನರಸಿಂಹಸ್ವಾಮಿಯವರ ಮೇಲೆ ಬರೆಯಲ್ಪಟ್ಟಿದ್ದರು. ಕೈಪಿಡಿಯಲ್ಲಿ ಬರೆದಿದ್ದನ್ನೇ ಅದು ಮಾಡಿದೆ, ತಪ್ಪು ನನ್ನದೇ. ಆದರೆ ಇನಿಷಿಯಲ್ ಇಲ್ಲದ ಕನ್ನಡ ಲೇಖಕರು ಎಷ್ಟು ಜನರಿದ್ದಾರೆ?

ನಮ್ಮ ಮುಂದೆ ಈಗ ಮೂರು ದಾರಿಗಳಿವೆ. ಗೋ ಭಾಷೆಯಂತೆ ಪಾತ್ ಅನ್ನು ಬರಿಯ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಯೇ ಉಳಿಸಿಕೊಂಡು ಹೊರಗಿನಿಂದ ಫಂಕ್ಷನ್‌ಗಳನ್ನು ಕೊಡುವುದು ಮೊದಲನೆಯದು. 2014ರಲ್ಲಿ ಪೈಥಾನ್ 3.4ರೊಂದಿಗೆ ಬಂದ ಪಾತ್‌ಲಿಬ್‌ನಂತೆ ಪಾತ್‌ಗೆಂದೇ ಒಂದು ಟೈಪ್ (ಮೌಲ್ಯದ ಬಗೆ) ಮಾಡಿ, ಓರೆಗೆರೆಯನ್ನೇ ಜೋಡಿಸುವ ಆಪರೇಟರ್ ಆಗಿ ಇಡುವುದು ಎರಡನೆಯದು. ಹ್ಯಾಸ್ಕೆಲ್‌ನ ‘ಪಾತ್’ ಲೈಬ್ರರಿಯಂತೆ ಪೂರ್ಣ ಪಾತ್ (ಬುಡದಿಂದ ಬರೆದದ್ದು), ಸಾಪೇಕ್ಷ ಪಾತ್ (ಬೇರೊಂದು ಜಾಗದಿಂದ ಎಣಿಸುವಂಥದ್ದು), ಫೈಲು, ಡೈರೆಕ್ಟರಿ ಎಲ್ಲವನ್ನೂ ಬೇರೆ ಬೇರೆ ಟೈಪ್ ಮಾಡಿ ಕಂಪೈಲರ್ ಕೈಗೆ ಒಪ್ಪಿಸುವುದು ಮೂರನೆಯದು. ಅನುಭವಿಗಳು ಯಾವುದನ್ನು ಆರಿಸುತ್ತೀರಿ, ಯಾಕೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಮಲ್ಲೇಶ್ವರಂ_ಎಂಟನೇ_ಕ್ರಾಸ್

ಮೊದಲು ಎಕ್ಸ್‌ಟೆನ್ಷನ್ ಮಾತು. ಡಾಸ್‌ನಲ್ಲಿ ಹೆಸರಿಗೆ 8 ಅಕ್ಷರ, ಎಕ್ಸ್‌ಟೆನ್ಷನ್‌ಗೆ 3 ಅಕ್ಷರ ಎಂದು ಜಾಗವನ್ನೇ ಬೇರೆ ಮಾಡಿಟ್ಟಿದ್ದರು. ಯುನಿಕ್ಸ್ ಕರ್ನಲ್‌ಗೆ ಆ ಕಲ್ಪನೆಯೇ ಇಲ್ಲ, ಅಲ್ಲಿ ಚುಕ್ಕೆಯೂ ಉಳಿದ ಬೈಟುಗಳಂತೆ ಒಂದು ಬೈಟ್ ಅಷ್ಟೆ. ಹಾಗಿರುವಾಗ ‘ಇರುವ ಎಕ್ಸ್‌ಟೆನ್ಷನ್ ತೆಗೆದು ಹೊಸದನ್ನು ಹಚ್ಚು’ ಎಂಬ ಕ್ರಿಯೆಯಲ್ಲಿ ಒಂದು ಊಹೆ ಅಡಗಿರುತ್ತದೆ, ಆ ಊಹೆಯನ್ನು ಪ್ರೋಗ್ರಾಂ ಬರೆಯುವವನು ಬಾಯಿಬಿಟ್ಟು ಹೇಳುವಂತೆ ಇಂಟರ್‌ಫೇಸ್ ಮಾಡಬೇಕು. ನಾನಾಗಿದ್ದರೆ ಎರಡು ಫಂಕ್ಷನ್ ಕೊಡುತ್ತಿದ್ದೆ. ಒಂದು ‘ಸೇರಿಸು’, ಅದು ಯಾವುದನ್ನೂ ಕೀಳದೆ ಕೊನೆಗೆ ಹಚ್ಚುತ್ತದೆ. ಇನ್ನೊಂದು ‘ಬದಲಿಸು’, ಅದಕ್ಕೆ ಹಳೆಯದು ಯಾವುದು ಎಂಬುದನ್ನೂ ಕೊಡಬೇಕು. ‘.ಟಿಫ್’ ಹೋಗಿ ‘.ಪಿಡಿಎಫ್’ ಬರಲಿ ಎಂದು ಕೇಳಿದಾಗ ಹೆಸರಿನ ಕೊನೆಯಲ್ಲಿ ‘.ಟಿಫ್’ ಇಲ್ಲದಿದ್ದರೆ ಎರರ್ ಬರಬೇಕು. ಹೀಗಿದ್ದಿದ್ದರೆ ನಿಮ್ಮ ಇಬ್ಬರು ಕವಿಗಳೂ ಕ್ಷೇಮವಾಗಿರುತ್ತಿದ್ದರು.

ನಿಜವಾದ ಕಗ್ಗಂಟು ಇರುವುದು ಪಾತ್ ಎನ್ನುವುದು ಪಠ್ಯವೇ ಅಲ್ಲವೇ ಎಂಬಲ್ಲಿ. ಲಿನಕ್ಸ್‌ನಲ್ಲಿ ಫೈಲಿನ ಹೆಸರೆಂದರೆ ಓರೆಗೆರೆ ಮತ್ತು ಸೊನ್ನೆ ಬೈಟನ್ನು ಬಿಟ್ಟು ಉಳಿದ ಯಾವುದೇ ಬೈಟುಗಳ ಸಾಲು, ಅದು ಸರಿಯಾದ ಯೂನಿಕೋಡ್ ಆಗಿರಲೇಬೇಕೆಂಬ ನಿಯಮವಿಲ್ಲ. ವಿಂಡೋಸ್‌ನಲ್ಲಿ ಅದು 16 ಬಿಟ್‌ಗಳ ಘಟಕಗಳ ಸಾಲು, ಅಲ್ಲಿಯೂ ಜೋಡಿ ತಪ್ಪಿದ ಸರೊಗೇಟ್‌ಗಳು (ಎರಡು ಕೂಡಿದರೆ ಮಾತ್ರ ಒಂದು ಅಕ್ಷರವಾಗುವ ಘಟಕಗಳು) ನುಸುಳಬಹುದು. ಪೈಥಾನ್ ಈ ತೊಡಕನ್ನು 2009ರಲ್ಲಿ, 3.1ನೇ ಆವೃತ್ತಿಯಲ್ಲಿ, ಓದಲಾಗದ ಬೈಟುಗಳನ್ನು ಒಂಟಿ ಸರೊಗೇಟ್‌ಗಳ ವೇಷದಲ್ಲಿ ಸ್ಟ್ರಿಂಗ್‌ನೊಳಗೆ ಬಚ್ಚಿಟ್ಟು ಬಗೆಹರಿಸಿತು. ಅಂಥ ಸ್ಟ್ರಿಂಗ್ ಫೈಲನ್ನು ಸರಿಯಾಗಿಯೇ ತೆರೆಯುತ್ತದೆ, ಆದರೆ ಪರದೆಗೆ ಮುದ್ರಿಸಲು ಹೋದಾಗ ಪ್ರೋಗ್ರಾಂ ಮುಗ್ಗರಿಸುತ್ತದೆ. ರಸ್ಟ್ ಇದನ್ನು ಮುಚ್ಚಿಡದೆ, ಆಪರೇಟಿಂಗ್ ಸಿಸ್ಟಂ ಕೊಟ್ಟ ಹೆಸರಿಗೆಂದೇ ಬೇರೆ ಟೈಪ್ ಇಟ್ಟು, ಪಠ್ಯವಾಗಿ ಬೇಕಾದರೆ ‘ಸಿಗಬಹುದು, ಸಿಗದೆಯೂ ಇರಬಹುದು’ ಎಂಬ ಉತ್ತರ ಕೊಡುತ್ತದೆ. ಬಳಸುವಾಗ ಬೇಸರವಾಗುವುದು ನಿಜ. ಆದರೂ ನನ್ನ ಮತ ರಸ್ಟ್ ಕಡೆಗೆ. ತೆರೆಯುವುದಕ್ಕೆ ಬೇಕಾದ ಹೆಸರು ಬೇರೆ, ತೋರಿಸುವುದಕ್ಕೆ ಬೇಕಾದ ಹೆಸರು ಬೇರೆ. ಇವೆರಡನ್ನೂ ಒಂದೇ ಸ್ಟ್ರಿಂಗ್‌ನಲ್ಲಿ ತುರುಕಿದರೆ ಇಂದಲ್ಲ ನಾಳೆ ಒಂದು ಇನ್ನೊಂದನ್ನು ಕೆಡಿಸುತ್ತದೆ.

ಕನ್ನಡದವರಿಗೆ ಇದು ಪುಸ್ತಕದ ಬದನೆಕಾಯಿ ಅಲ್ಲ ಎಂಬುದಕ್ಕೆ ‘ಕೋಲಾರ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಾವು ಕೀಬೋರ್ಡಿನಲ್ಲಿ ಒತ್ತಿದಾಗ ಅದು ಸಾಮಾನ್ಯವಾಗಿ 5 ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಆದರೆ ಯೂನಿಕೋಡ್ ಪ್ರಕಾರ ಓಕಾರದ ಚಿಹ್ನೆಯನ್ನು ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು, ಆಗ ಅದೇ ‘ಕೋಲಾರ’ 7 ಸಂಕೇತ, 21 ಬೈಟ್ ಆಗುತ್ತದೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಲಿನಕ್ಸ್ ಡಿಸ್ಕಿಗೆ ನಕಲು ಮಾಡಿದ ಫೋಲ್ಡರನ್ನು ನೀವು ‘ಕೋಲಾರ’ ಎಂದು ಟೈಪ್ ಮಾಡಿ ತೆರೆಯಲು ಹೋದರೆ, ಕಣ್ಣೆದುರೇ ಇರುವ ಫೋಲ್ಡರ್ ಇಲ್ಲವೆಂಬ ಉತ್ತರ ಬರುತ್ತದೆ. ಇದು ಸಾಲದೆಂಬಂತೆ ಪದದ ಕೊನೆಯ ಅರ್ಧಾಕ್ಷರದ ನಂತರ ಕೆಲವರ ಕೀಬೋರ್ಡ್ ಶೂನ್ಯ ಅಗಲದ ನಾನ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಸಂಕೇತವನ್ನು ಅಂಟಿಸಿಬಿಟ್ಟಿರುತ್ತದೆ. ‘ಫೈಲ್’ ಎಂಬುದರ ಕೊನೆಯಲ್ಲಿ ಅದು ಇದೆಯೋ ಇಲ್ಲವೋ ಎಂಬುದನ್ನು ಯಾವ ಕಣ್ಣೂ ಹೇಳಲಾರದು, ಬಿಡಿಸಿದ, ಕೂಡಿಸಿದ ರೂಪಗಳನ್ನು ಒಂದೇ ಮಾಡುವ ಯೂನಿಕೋಡ್ ಕ್ರಿಯೆಗಳೂ ಅದನ್ನು ತೆಗೆಯುವುದಿಲ್ಲ. ಹಾಗೆಂದು ಭಾಷೆಯೇ ತಾನಾಗಿ ಹೆಸರುಗಳನ್ನು ತಿದ್ದಿ ಸಮ ಮಾಡಬಾರದು. ತಿದ್ದಿದ ಹೆಸರಿನ ಫೈಲು ಡಿಸ್ಕಿನಲ್ಲಿ ಇಲ್ಲದಿದ್ದರೆ ಅದನ್ನು ತೆರೆಯುವ ದಾರಿಯೇ ಮುಚ್ಚಿಹೋಗುತ್ತದೆ. ಡಿಸ್ಕು ಕೊಟ್ಟ ಹೆಸರನ್ನು ಬೈಟ್ ಬಿಡದಂತೆ ಕಾಪಾಡಿ, ಹುಡುಕುವಾಗ ಮಾತ್ರ ‘ಓದಿದರೆ ಒಂದೇ’ ಎಂದು ಹೋಲಿಸುವ ಫಂಕ್ಷನ್ ಒಂದನ್ನು ಪಕ್ಕದಲ್ಲಿ ಕೊಡಿ.

ಉತ್ತರ: ನಿಧಾನ_ಕಂಪೈಲರ್

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ನಾನು ಮೂರನೆಯ ದಾರಿಯನ್ನು ಕುರಿತು ಮಾತ್ರ ಬರೆಯುತ್ತೇನೆ, ಏಕೆಂದರೆ ಆ ಹ್ಯಾಸ್ಕೆಲ್ ಲೈಬ್ರರಿಯನ್ನು ಎರಡು ವರ್ಷ ದಿನವೂ ಬಳಸಿದ್ದೇನೆ.

ಪೂರ್ಣ ಪಾತ್ ಮತ್ತು ಸಾಪೇಕ್ಷ ಪಾತ್ ಎಂಬ ಭೇದವನ್ನು ಖಂಡಿತ ಟೈಪ್‌ನಲ್ಲಿ ಇಡಿ. ಬರವಣಿಗೆಯನ್ನು ನೋಡಿದ ಮಾತ್ರಕ್ಕೆ ಅದು ಗೊತ್ತಾಗುತ್ತದೆ, ಡಿಸ್ಕನ್ನು ಕೇಳಬೇಕಾಗಿಲ್ಲ. ‘ಗುಡಿಯ ಎಡಕ್ಕೆ ಮೂರನೇ ಮನೆ’ ಎಂಬ ವಿಳಾಸ ಯಾವ ಗುಡಿ ಎಂದು ತಿಳಿಯುವವರೆಗೆ ವಿಳಾಸವಲ್ಲ ಎಂಬುದು ಬೆಂಗಳೂರಿನಲ್ಲಿ ಮನೆ ಹುಡುಕಿದ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಫೈಲು ಮತ್ತು ಡೈರೆಕ್ಟರಿ ಎಂಬ ಭೇದವನ್ನು ಮಾತ್ರ ಟೈಪ್‌ಗೆ ತರಬೇಡಿ. ‘/ಸಂಗ್ರಹ/ಕೋಲಾರ’ ಎಂಬುದು ಫೋಲ್ಡರ್ ಎಂದು ಟೈಪ್ ಹೇಳಬಹುದು, ಆದರೆ ಡಿಸ್ಕಿನಲ್ಲಿ ಅದೇ ಹೆಸರಿನ ಫೈಲು ಕೂತಿದ್ದರೆ ಟೈಪ್ ಹೇಳಿದ್ದು ಸುಳ್ಳಾಗುತ್ತದೆ. ಈ ಕ್ಷಣ ನಿಜವಾಗಿದ್ದದ್ದು ಮರುಕ್ಷಣ ನಿಜವಾಗಿರಬೇಕೆಂದೇನೂ ಇಲ್ಲ. ಕಂಪೈಲರ್ ಕೈಯಲ್ಲಿ ಉಳಿಸಿಕೊಳ್ಳಲಾಗದ ಮಾತನ್ನು ಟೈಪ್‌ನ ಹೆಸರಿನಲ್ಲಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಎರಡು ವರ್ಷಗಳಲ್ಲಿ ಆ ಭೇದದಿಂದ ನನಗೆ ಒದಗಿದ ಲಾಭಕ್ಕಿಂತ ಒಂದನ್ನು ಇನ್ನೊಂದಾಗಿ ಮಾರ್ಪಡಿಸುತ್ತ ಕಳೆದ ಸಮಯವೇ ಹೆಚ್ಚು.

ಪೂರ್ಣ ಮತ್ತು ಸಾಪೇಕ್ಷ ಬೇರೆಯಾದರೆ ಜೋಡಿಸುವ ಆಪರೇಟರಿನ ಹಳೆಯ ರೋಗವೂ ವಾಸಿಯಾಗುತ್ತದೆ. ಪೈಥಾನ್, ರಸ್ಟ್, ಸಿ++17 ಈ ಮೂರರಲ್ಲೂ ಎಡಗಡೆ ‘/ಸಂಗ್ರಹ’ ಇದ್ದು ಬಲಗಡೆ ‘/ಗುಟ್ಟು/ಕೀಲಿ’ ಎಂಬ ಪೂರ್ಣ ಪಾತ್ ಬಂದರೆ ಎಡಗಡೆಯದನ್ನು ಸದ್ದಿಲ್ಲದೆ ಬಿಸಾಡಿ ಬಲಗಡೆಯದನ್ನೇ ಫಲಿತಾಂಶವೆಂದು ಕೊಡುತ್ತವೆ. ಗೋ ಭಾಷೆಯ ಜಾಯ್ನ್ ಮಾತ್ರ ‘/ಸಂಗ್ರಹ/ಗುಟ್ಟು/ಕೀಲಿ’ ಎಂದು ಅಂಟಿಸುತ್ತದೆ. ಎರಡಕ್ಕೂ ಸಮರ್ಥನೆ ಇದೆ, ಆದರೆ ಬಳಕೆದಾರ ಕೊಟ್ಟ ಹೆಸರನ್ನು ಬಲಗಡೆ ಇಡುವವನಿಗೆ ಎರಡೂ ಅನಿರೀಕ್ಷಿತವೇ. ಬಲಗಡೆ ಸಾಪೇಕ್ಷ ಪಾತ್ ಮಾತ್ರ ಬರಬಹುದೆಂದು ಟೈಪ್ ಹೇಳಿದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ‘ಒಂದು ಮೆಟ್ಟಿಲು ಮೇಲಿನ ಫೋಲ್ಡರ್’ ಎಂದು ಹೇಳುವ ಎರಡು ಚುಕ್ಕೆಯ ವಿಷಯ. ‘/ಸಂಗ್ರಹ/ಈಗಿನದು’ ಎಂಬುದು ‘/ಡಿಸ್ಕ್2/2024/ಸ್ಕ್ಯಾನ್’ ಕಡೆಗೆ ತೋರಿಸುವ ಸಿಮ್‌ಲಿಂಕ್ ಎಂದಿಟ್ಟುಕೊಳ್ಳಿ. ‘/ಸಂಗ್ರಹ/ಈಗಿನದು/../ಸೂಚಿ’ ಎಂದು ಕೊಟ್ಟರೆ ಕರ್ನಲ್ ಲಿಂಕನ್ನು ಹಿಡಿದು ಹೋಗಿ, ಅಲ್ಲಿಂದ ಒಂದು ಮೆಟ್ಟಿಲು ಮೇಲಕ್ಕೆ ಬಂದು, ‘/ಡಿಸ್ಕ್2/2024/ಸೂಚಿ’ಯನ್ನು ತೆರೆಯುತ್ತದೆ. ಬರವಣಿಗೆಯಲ್ಲೇ ಎರಡು ಚುಕ್ಕೆಯನ್ನು ಹೊಡೆದುಹಾಕುವ ಲೈಬ್ರರಿ ‘/ಸಂಗ್ರಹ/ಸೂಚಿ’ ಎನ್ನುತ್ತದೆ. ಒನ್‌ವೇಯಲ್ಲಿ ಹೋದವನು ಹೊರಟ ಜಾಗಕ್ಕೆ ಅದೇ ರಸ್ತೆಯಲ್ಲಿ ಹಿಂತಿರುಗಲಾರ. ಇದನ್ನು ನಿಮ್ಮ ಟರ್ಮಿನಲ್‌ನಲ್ಲೇ ನೋಡಬಹುದು: ಬ್ಯಾಶ್‌ನಲ್ಲಿ ಅಂಥ ಲಿಂಕಿನೊಳಗೆ ಹೋಗಿ ‘ಸಿಡಿ ..’ ಎಂದರೆ ಬಂದ ಜಾಗಕ್ಕೇ ಮರಳುತ್ತೀರಿ, ಅದೇ ಜಾಗದಿಂದ ‘ಎಲ್ಎಸ್ ..’ ಎಂದರೆ ‘/ಡಿಸ್ಕ್2/2024’ರ ಪಟ್ಟಿ ಬರುತ್ತದೆ. ಪಾತ್‌ಲಿಬ್ ಇಲ್ಲಿ ಎಚ್ಚರ ವಹಿಸಿ ಎರಡು ಚುಕ್ಕೆಯನ್ನು ಹಾಗೆಯೇ ಬಿಟ್ಟಿದೆ. ಆದರೆ ಆರಂಭದ ಒಂಟಿ ಚುಕ್ಕೆಯನ್ನು ತಿಂದುಬಿಡುತ್ತದೆ. ‘./ಓಡು’ ಎಂದು ಕೊಟ್ಟದ್ದು ‘ಓಡು’ ಆದರೆ, ಅದನ್ನು ಕಮಾಂಡ್ ಆಗಿ ನಡೆಸುವಾಗ ಈಗಿನ ಫೋಲ್ಡರಿನ ಬದಲು ಸಿಸ್ಟಂನ ಕಮಾಂಡ್‌ಗಳ ನಡುವೆ ಹುಡುಕಾಟ ನಡೆಯುತ್ತದೆ. ಆದ್ದರಿಂದ ಬರವಣಿಗೆಯನ್ನು ಮಾತ್ರ ನೋಡುವ ಕ್ರಿಯೆಗಳನ್ನೂ ಡಿಸ್ಕನ್ನು ಕೇಳುವ ಕ್ರಿಯೆಗಳನ್ನೂ ಹೆಸರಿನಲ್ಲೇ ಬೇರೆ ಮಾಡಿ, ಮತ್ತು ಕೇಳದೆ ಏನನ್ನೂ ‘ಚೊಕ್ಕ’ ಮಾಡಬೇಡಿ.

ಉತ್ತರ: ಆಫೀಸಿನಲ್ಲಿ_ವಿಂಡೋಸ್

ಪೂರ್ಣ, ಸಾಪೇಕ್ಷ ಎಂಬ ಎರಡೇ ಟೈಪ್ ಸಾಕೆನ್ನುವವರು ವಿಂಡೋಸ್ ಕಡೆ ಬಂದಿಲ್ಲ. ‘ಸಿ:ವರದಿ’ ಎಂದು ಬರೆದರೆ, ಸಿ ಡ್ರೈವಿನಲ್ಲಿ ಸದ್ಯ ಯಾವ ಫೋಲ್ಡರಿನಲ್ಲಿ ಇದ್ದೇವೋ ಅದರೊಳಗಿನ ವರದಿ ಎಂದರ್ಥ. ‘\ವರದಿ’ ಎಂದರೆ ಸದ್ಯದ ಡ್ರೈವಿನ ಬುಡದಲ್ಲಿರುವ ವರದಿ. ಇವೆರಡೂ ಪೂರ್ಣವಲ್ಲ, ಅತ್ತ ಯಾವುದರ ಬಲಗಡೆಗೂ ಜೋಡಿಸುವಂತೆಯೂ ಇಲ್ಲ. ನನ್ನ ಸಲಹೆ ಎಂದರೆ ಮೂರನೆಯ ಟೈಪ್ ಮಾಡುವುದಲ್ಲ, ಸಾಪೇಕ್ಷ ಪಾತ್ ಕಟ್ಟುವಾಗ ಇಂಥವನ್ನು ನೇರವಾಗಿ ತಿರಸ್ಕರಿಸುವುದು.

ಇನಿಷಿಯಲ್‌ಗಳ ಕಾಟ ಇಲ್ಲಿ ಇನ್ನೊಂದು ರೂಪದಲ್ಲಿದೆ. ‘ಪು.ತಿ.ನ.’ ಎಂದು ಕೊನೆಯಲ್ಲೂ ಚುಕ್ಕೆ ಇಟ್ಟರೆ ವಿಂಡೋಸ್ ಆ ಕೊನೆಯ ಚುಕ್ಕೆಯನ್ನು ಸುಮ್ಮನೆ ಉದುರಿಸುತ್ತದೆ. ಲಿನಕ್ಸ್‌ನಲ್ಲಿ ಬೇರೆ ಬೇರೆಯಾಗಿದ್ದ ‘ಪು.ತಿ.ನ’ ಮತ್ತು ‘ಪು.ತಿ.ನ.’ ಇಲ್ಲಿ ಒಂದೇ. ಉದ್ದದ ಮಿತಿ ಮಾತ್ರ ತಿರುಗುಮುರುಗು: ಒಂದು ಹೆಸರಿಗೆ ವಿಂಡೋಸ್ 255 ಘಟಕಗಳನ್ನು ಕೊಡುತ್ತದೆ, ಕನ್ನಡದ ಒಂದು ಸಂಕೇತಕ್ಕೆ ಒಂದೇ ಘಟಕ ಸಾಕು. ಲಿನಕ್ಸ್‌ನ ಎಕ್ಸ್‌ಟ್4 ಕೊಡುವುದು 255 ಬೈಟ್, ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು, ಅಂದರೆ 85 ಸಂಕೇತಕ್ಕೆ ಮುಗಿಯಿತು. ಗುಣಿತ, ಒತ್ತುಗಳನ್ನೆಲ್ಲ ಎಣಿಸಿದರೆ ಲೇಖನದ ಶೀರ್ಷಿಕೆಯನ್ನೇ ಫೈಲಿನ ಹೆಸರು ಮಾಡುವವರು ಈ ಗೋಡೆಗೆ ಬೇಗ ಹಾಯುತ್ತಾರೆ. ಸಿಒಎನ್, ಎನ್‌ಯುಎಲ್ ಎಂಬ ಮೀಸಲು ಹೆಸರುಗಳ ತಲೆನೋವಂತೂ ಕನ್ನಡದಲ್ಲಿ ಹೆಸರಿಡುವವರಿಗೆ ಇಲ್ಲ, ಅದೊಂದು ಸಮಾಧಾನ.

ಉತ್ತರ: ಜಯನಗರ_ಫೋರ್ತ್_ಬ್ಲಾಕ್

ಎಲ್ಲರೂ ಹೆಸರಿನ ಆಕಾರವನ್ನು ಕುರಿತು ಬರೆದಿದ್ದೀರಿ. ಆದರೆ ಹೆಸರು ಎಷ್ಟೇ ಚೆನ್ನಾಗಿದ್ದರೂ, ಅದನ್ನು ಪರೀಕ್ಷಿಸುವ ಗಳಿಗೆಗೂ ತೆರೆಯುವ ಗಳಿಗೆಗೂ ನಡುವೆ ಯಾರಾದರೂ ಒಂದು ಸಿಮ್‌ಲಿಂಕ್ ನೆಟ್ಟರೆ ನಿಮ್ಮ ಪರೀಕ್ಷೆ ವ್ಯರ್ಥ. ಜಿಪ್ ಬಿಚ್ಚುವ ಎಷ್ಟೋ ಪ್ರೋಗ್ರಾಂಗಳು ಒಳಗಿನ ಹೆಸರುಗಳಲ್ಲಿ ಎರಡು ಚುಕ್ಕೆಗಳನ್ನು ಪೋಣಿಸಿದ ಕಡತಗಳಿಗೆ ಮೋಸಹೋಗಿ, ಗುರಿಯ ಫೋಲ್ಡರಿನ ಹೊರಗೆ ಬರೆದಿವೆ. ಇದಕ್ಕೆ ಮದ್ದು ಹೆಸರಿನ ಟೈಪ್‌ನಲ್ಲಿಲ್ಲ, ತೆರೆದ ಡೈರೆಕ್ಟರಿಯ ಹಿಡಿಕೆಯನ್ನೇ (ಹೆಸರಿನ ಬದಲು ಆ ಡೈರೆಕ್ಟರಿಯನ್ನೇ ಸೂಚಿಸುವ ಗುರುತನ್ನು) ಒಂದು ಮೌಲ್ಯವಾಗಿ ಕೊಡುವುದರಲ್ಲಿದೆ. ಲಿನಕ್ಸ್ 2020ರಲ್ಲಿ, 5.6ನೇ ಕರ್ನಲ್‌ನಲ್ಲಿ, ‘ಈ ಡೈರೆಕ್ಟರಿಯ ಕೆಳಗೇ ಇರು, ಹೊರಗೆ ಹೋಗುವ ದಾರಿ ಕಂಡರೆ ವಿಫಲವಾಗು’ ಎಂದು ಹೇಳಬಲ್ಲ ‘ಓಪನ್‌ಅಟ್2’ ಎಂಬ ಸಿಸ್ಟಂ ಕಾಲ್ ತಂದಿತು. ಪಾತ್ ಎಂದರೆ ಸ್ಟ್ರಿಂಗ್ ಎಂದೇ ಹಟ ಹಿಡಿದಿದ್ದ ಗೋ ಕೂಡ 2025ರ ಫೆಬ್ರವರಿಯಲ್ಲಿ ಬಂದ 1.24ರಲ್ಲಿ ‘ಓಎಸ್.ರೂಟ್’ ಎಂಬ ಟೈಪ್ ಸೇರಿಸಿತು. ಅದರ ಮೂಲಕ ತೆರೆಯುವ ಯಾವ ಹೆಸರೂ ಆ ಬೇರಿನ ಹೊರಗಿನ ಫೈಲನ್ನು ಮುಟ್ಟಲಾರದು, ಸಿಮ್‌ಲಿಂಕ್ ಮೂಲಕವೂ.

ನಿಮ್ಮದು ಹೊಸ ಭಾಷೆಯಾದ್ದರಿಂದ ಹಿಂದಿನ ಬಳಕೆದಾರರ ಹಂಗಿಲ್ಲ. ಸಾಪೇಕ್ಷ ಪಾತ್ ಒಂದನ್ನು ಹಾಗೆಯೇ ತೆರೆಯಲು ಬಿಡಲೇಬೇಡಿ, ಯಾವ ಡೈರೆಕ್ಟರಿಯಿಂದ ಎಂಬ ಹಿಡಿಕೆಯನ್ನು ಕಡ್ಡಾಯ ಮಾಡಿ. ಹಾಗೆ ಮಾಡಿದರೆ ‘ಈಗಿನ ಡೈರೆಕ್ಟರಿ’ ಎಂಬ, ಇಡೀ ಪ್ರೋಗ್ರಾಂಗೆ ಒಂದೇ ಆಗಿರುವ, ಒಂದು ಥ್ರೆಡ್ ಬದಲಿಸಿದರೆ ಉಳಿದವೆಲ್ಲ ದಾರಿ ತಪ್ಪುವ ಪಿಡುಗೂ ಹೋಗುತ್ತದೆ.

ಪ್ರತಿಕ್ರಿಯೆ: ಬಸವನಗುಡಿ_ಬೈಟ್

ಎಲ್ಲರಿಗೂ ಧನ್ಯವಾದ. ಈ ಭಾನುವಾರ ಕಾಫಿ ಎರಡು ಸುತ್ತು ಆಯಿತು. ಪೂರ್ಣ ಮತ್ತು ಸಾಪೇಕ್ಷ ಎಂಬ ಎರಡು ಟೈಪ್ ಇಡುವುದು, ಒಳಗೆ ಡಿಸ್ಕು ಕೊಟ್ಟ ಬೈಟುಗಳನ್ನೇ ಉಳಿಸಿಕೊಳ್ಳುವುದು, ‘ಬದಲಿಸು’ ಎಂಬುದಕ್ಕೆ ಹಳೆಯ ಎಕ್ಸ್‌ಟೆನ್ಷನ್ ಕಡ್ಡಾಯ ಮಾಡುವುದು ತೀರ್ಮಾನವಾಗಿದೆ. ಡೈರೆಕ್ಟರಿಯ ಹಿಡಿಕೆ ಕಡ್ಡಾಯವಾಗಬೇಕೆಂಬುದಕ್ಕೆ ನಮ್ಮಲ್ಲೊಬ್ಬರ ವಿರೋಧವಿದೆ. ಐದು ಸಾಲಿನ ಸ್ಕ್ರಿಪ್ಟ್ ಬರೆಯುವ ಗ್ರಂಥಪಾಲಕರಿಗೆ ಮೊದಲ ಸಾಲಿನಲ್ಲೇ ಹಿಡಿಕೆ ಎಂದರೇನು ಎಂದು ವಿವರಿಸಬೇಕಾಗುತ್ತದೆ ಎಂಬುದು ಅವರ ಆಕ್ಷೇಪ, ಅದರಲ್ಲಿ ಹುರುಳಿದೆ. ಪ್ರೋಗ್ರಾಂ ಶುರುವಾದಾಗಿನ ಫೋಲ್ಡರಿನ ಹಿಡಿಕೆಯನ್ನು ‘ಇಲ್ಲಿ’ ಎಂಬ ಹೆಸರಿನಲ್ಲಿ ನಾವೇ ತೆರೆದು ಕೊಟ್ಟು, ‘ಇಲ್ಲಿ.ತೆರೆ’ ಎಂದು ಬರೆಯುವಂತೆ ಮಾಡಿ ನೋಡುತ್ತಿದ್ದೇವೆ.

ಒಂದು ಉಳಿದಿದೆ. ಸರಿಯಾದ ಯೂನಿಕೋಡ್ ಅಲ್ಲದ ಹೆಸರನ್ನು ಪರದೆಗೆ ಹೇಗೆ ತೋರಿಸುವುದು? ಪ್ರಶ್ನಾರ್ಥಕದ ಚೌಕ ಹಾಕಿದರೆ ಎರಡು ಬೇರೆ ಹೆಸರುಗಳು ಒಂದೇ ಆಗಿ ಕಾಣುತ್ತವೆ.

ಉತ್ತರ: ಮಲ್ಲೇಶ್ವರಂ_ಎಂಟನೇ_ಕ್ರಾಸ್

ಚೌಕ ಬೇಡ. ಗ್ನೂ ಕೋರ್‌ಯುಟಿಲ್ಸ್ 2016ರ 8.25ನೇ ಆವೃತ್ತಿಯಿಂದ ‘ಎಲ್ಎಸ್’ ಮಾಡುವುದನ್ನು ನೋಡಿ: ಟರ್ಮಿನಲ್‌ಗೆ ಮುದ್ರಿಸುವಾಗ ವಿಚಿತ್ರ ಹೆಸರುಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ನಕಲಿಸಿ ಅಂಟಿಸಿದರೆ ಅದೇ ಫೈಲು ಸಿಗುವಂತೆ ತೋರಿಸುತ್ತದೆ. ನಿಮ್ಮ ‘ತೋರಿಸು’ ಕೂಡ ಓದಲಾಗದ ಬೈಟನ್ನು ಅದರ ಸಂಖ್ಯೆಯಾಗಿ ಬರೆಯಲಿ, ಆ ರೂಪವನ್ನೇ ನಿಮ್ಮ ಪಾರ್ಸರ್ ಪಾತ್ ಲಿಟರಲ್ ಆಗಿ ಮರಳಿ ಓದಿಕೊಳ್ಳಲಿ. ಅದೇ ಜಾಗದಲ್ಲಿ ಆ ಶೂನ್ಯ ಅಗಲದ ನಾನ್ ಜಾಯ್ನರ್ ಪದದ ಕೊನೆಯಲ್ಲಿ ಕಂಡರೆ ಅದನ್ನೂ ಸಂಖ್ಯೆಯಾಗಿ ತೋರಿಸಿ. ಪದದ ನಡುವೆ ಇದ್ದರೆ ತೋರಿಸಬೇಡಿ, ಅಲ್ಲಿ ಅದು ‘ಸಾಫ್ಟ್‌ವೇರ್’ ಎಂಬ ಬರಹದಲ್ಲಿ ತನ್ನ ಕೆಲಸ ಮಾಡುತ್ತಿರುತ್ತದೆ.